ಮುಚ್ಚಳ ತೆಗೆಸಿ ನೋಡಿದ ಮೇಲೆ: ಒಂದು ಬಡಾವಣೆಯ ಒಳಚರಂಡಿ ನಕ್ಷೆ ಅನುಮೋದನೆಯಾದ ಬಗೆ

ನಮ್ಮ ನಕ್ಷೆಯ ಕೆಳಗಿನ ಬಲ ಮೂಲೆಯಲ್ಲಿ 96.42 ಎಂಬ ಸಂಖ್ಯೆ ಇತ್ತು. ಬಡಾವಣೆಯ ಕೊಳಚೆ ನೀರೆಲ್ಲ ಹೋಗಿ ಸೇರಬೇಕಾದ ಪುರಸಭೆಯ ಮ್ಯಾನ್‌ಹೋಲಿನ ತಳಮಟ್ಟ ಅದು, ಊರಿನ ಒಂದು ಆಧಾರಬಿಂದುವನ್ನು 100 ಎಂದು ಹಿಡಿದು ಮೀಟರಿನಲ್ಲಿ ಹೇಳಿದ್ದು. ಆ ಸಂಖ್ಯೆಯನ್ನು ನಾವು ಅಳೆದಿರಲಿಲ್ಲ. ಪುರಸಭೆಯಿಂದ ಪಡೆದ ಹಳೆಯ ನಕ್ಷೆಯಿಂದ ಎತ್ತಿ ಬರೆದುಕೊಂಡಿದ್ದೆವು. ಶ್ರಾವಣದಲ್ಲಿ ಸಲ್ಲಿಸಿದ ನಕ್ಷೆಗೆ ಅನುಮೋದನೆ ಸಿಕ್ಕಿದ್ದು ಯುಗಾದಿ ಕಳೆದ ಮೇಲೆ. ನಡುವಿನ ಎಂಟು ತಿಂಗಳ ಓಡಾಟದ ಬಹುಪಾಲು ಈ ಒಂದು ಸಂಖ್ಯೆಯ ಸುತ್ತಲೇ ಇತ್ತು. ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದೇ ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡ ನಕ್ಷೆಗಳನ್ನು ಆಮೇಲೆ ನಾನು ಬೇರೆ ಊರುಗಳಲ್ಲೂ ಕಂಡಿದ್ದೇನೆ. ಅವುಗಳಲ್ಲಿ ಕೆಲವಕ್ಕೆ ಆಗಲೇ ಮೊಹರು ಬಿದ್ದು, ಪೈಪು ಹೂತು, ಮೇಲೆ ಡಾಂಬರೂ ಬಿದ್ದಿತ್ತು.

ಜಾಗ ಬಯಲುಸೀಮೆಯ ಒಂದು ಪುರಸಭೆಯ ಅಂಚಿನ 12 ಎಕರೆ. ಒಂದು ಕಾಲಕ್ಕೆ ರಾಗಿ ಹೊಲ. ನೋಡಿದರೆ ಸಮತಟ್ಟು, ಅಳೆದರೆ ಆಗ್ನೇಯಕ್ಕೆ ತುಸು ವಾಲಿದೆ. ಆ ಕಡೆಯ ಗಡಿಯಲ್ಲಿ ಕೆರೆಗೆ ಹೋಗುವ ರಾಜಕಾಲುವೆ, ಅದರಾಚೆ ಊರಿನ ರಸ್ತೆ, ಆ ರಸ್ತೆಯ ಅಡಿಯಲ್ಲಿ ಪುರಸಭೆಯ 300 ಮಿಲಿಮೀಟರಿನ ಮುಖ್ಯ ಒಳಚರಂಡಿ ಕೊಳವೆ. ಒಟ್ಟು 186 ನಿವೇಶನಗಳು, ಹೆಚ್ಚಿನವು ಮೂವತ್ತು ನಲವತ್ತರ ಅಳತೆಯವು. ಜಮೀನಿನ ಯಜಮಾನರು ಎಪ್ಪತ್ತು ದಾಟಿದ ರೈತರು. ಬಡಾವಣೆ ಮಾಡುವ ಕೆಲಸ ಅವರಿಗೆ ಹೊಸದು, ನಕ್ಷೆ ಮಾಡಿದ ಎಂಜಿನಿಯರ್ ಆದ ನನಗೆ ಹಳೆಯದು. ಹಾಗಾಗಿ ಇಲ್ಲಿ ಆದ ತಪ್ಪು ನನ್ನದೇ.

ಕಡತ ಸಾಗುವ ದಾರಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬಡಾವಣೆಯ ವಿನ್ಯಾಸಕ್ಕೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ. ನೀರು ಮತ್ತು ಒಳಚರಂಡಿಯ ನಕ್ಷೆಯನ್ನು ಬೆಂಗಳೂರಿನಲ್ಲಾದರೆ ಜಲಮಂಡಳಿಯ ಎಂಜಿನಿಯರುಗಳು ನೋಡುತ್ತಾರೆ. ಉಳಿದ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯವರು. ಊರಿನ ಕೊಳವೆಗೆ ಜೋಡಿಸಿಕೊಳ್ಳಲು ಸ್ಥಳೀಯ ಸಂಸ್ಥೆ ಒಪ್ಪಬೇಕು. ಮೂರು ಕಡೆಯ ಷರಾಗಳು ಒಂದಕ್ಕೊಂದು ಹೊಂದಿದಾಗ ಮಾತ್ರ ಕೆಲಸ ಶುರು.

ಮೊದಲ ಸಲ್ಲಿಕೆಗೆ ಒಂಬತ್ತು ಆಕ್ಷೇಪಣೆಗಳು ಬಂದವು. ಅದರಲ್ಲಿ ಐದು ಕಾಗದಪತ್ರದವು, ವಾರದಲ್ಲಿ ಮುಗಿದವು. ನೀರಿನ ಪೈಪು ಮತ್ತು ಒಳಚರಂಡಿ ಪೈಪು ರಸ್ತೆಯ ಒಂದೇ ಬದಿಯಲ್ಲಿವೆ, ಬೇರೆ ಬೇರೆ ಬದಿಗೆ ಹಾಕಿ, ದಾಟುವ ಕಡೆಯಲ್ಲೆಲ್ಲ ನೀರಿನ ಪೈಪು ಮೇಲಿರಲಿ ಎಂಬುದು ಆರನೆಯದು. ಅದೂ ಸುಲಭದ್ದೇ. ಉಳಿದ ಮೂರು ಮಾತ್ರ ನಕ್ಷೆಯ ಬೇರಿಗೇ ಕೈ ಹಾಕಿದ್ದವು.

ಒಂದು, ಜನಸಂಖ್ಯೆ. ನಾವು ನಿವೇಶನಕ್ಕೆ ಒಂದು ಕುಟುಂಬ, ಕುಟುಂಬಕ್ಕೆ ಐದು ಜನ ಎಂದು 930 ಜನರನ್ನು ಲೆಕ್ಕ ಹಿಡಿದಿದ್ದೆವು. ಕಡತ ನೋಡುತ್ತಿದ್ದ ಸಹಾಯಕ ಎಂಜಿನಿಯರ್ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಕೆಲಸದಲ್ಲಿ ಬಲು ಕಟ್ಟುನಿಟ್ಟು. "ಸರ್, ಈ ಊರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಬಾಡಿಗೆಗೆ ಮಹಡಿ ಹಾಕಿಸದೆ ಮನೆ ಕಟ್ಟಿದವರನ್ನು ಒಬ್ಬರನ್ನಾದರೂ ತೋರಿಸಿ" ಎಂದರು. ತೋರಿಸಲು ಯಾರೂ ಇರಲಿಲ್ಲ. ನಿವೇಶನಕ್ಕೆ ಎರಡು ಕುಟುಂಬ ಎಂದರೆ 1860 ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ಶೇ. 80 ಕೊಳಚೆಯಾಗಿ ಮರಳುತ್ತದೆ ಎಂದರೆ 108 ಲೀಟರ್. ದಿನಕ್ಕೆ ಎರಡು ಲಕ್ಷ ಲೀಟರಿನಷ್ಟಾಯಿತು. ಬೆಳಗಿನ ಹೊತ್ತಿನ ಒತ್ತಡಕ್ಕೆ ಮೂರು ಪಟ್ಟು ಹಿಡಿದರೆ ಸೆಕೆಂಡಿಗೆ ಸುಮಾರು 7 ಲೀಟರ್. ಅದಕ್ಕೂ 150 ಮಿಲಿಮೀಟರಿನ ಪೈಪು ಸಾಕಾಗುತ್ತಿತ್ತು, ಹಾಗಾಗಿ ಲೆಕ್ಕದ ಹಾಳೆ ಬದಲಾಯಿತೇ ಹೊರತು ಪೈಪು ಬದಲಾಗಲಿಲ್ಲ.

ಎರಡು, ಇಳಿಜಾರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಳಚರಂಡಿ ಪೈಪಿನಲ್ಲಿ ನೀರು ಹರಿದರಷ್ಟೇ ಸಾಲದು, ಮಲ, ಮರಳು, ಎಣ್ಣೆಜಿಡ್ಡನ್ನು ತಳ್ಳಿಕೊಂಡು ಹೋಗಬೇಕು. ಕೇಂದ್ರ ಸರಕಾರದ ನೀರು, ಒಳಚರಂಡಿ ಕೆಲಸಗಳ ತಾಂತ್ರಿಕ ಸಂಸ್ಥೆಯಾದ ಸಿಪಿಎಚ್‌ಇಇಒ 2013ರಲ್ಲಿ ಹೊರತಂದ ಕೈಪಿಡಿ ಇದಕ್ಕೆ ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗ ಬೇಕೆನ್ನುತ್ತದೆ. ಹರಿವು ಕಡಿಮೆ ಇರುವಲ್ಲಿ ಆ ವೇಗ ಬರಬೇಕಾದರೆ ಇಳಿಜಾರು ಹೆಚ್ಚಿರಬೇಕು: ಸೆಕೆಂಡಿಗೆ 2 ಲೀಟರ್ ಹರಿಯುವ ಕಡೆ ಸಾವಿರ ಮೀಟರಿಗೆ 6 ಮೀಟರ್, 3 ಲೀಟರಿಗೆ 4 ಮೀಟರ್, 10 ಲೀಟರ್ ಇದ್ದರೆ 2 ಮೀಟರ್ ಸಾಕು. ಬಡಾವಣೆಯ ತಲೆಯ ಕಡೆಯ ಪೈಪುಗಳಲ್ಲಿ ನಾಲ್ಕಾರು ಮನೆಯ ನೀರಷ್ಟೇ ಹರಿಯುತ್ತದೆ, ಅಲ್ಲೇ ಇಳಿಜಾರು ಕಡಿದಾಗಿರಬೇಕು. ನಾವು ಅಗೆತದ ಆಳ ಉಳಿಸಲೆಂದು ತಲೆಯಿಂದ ಬುಡದವರೆಗೆ ಒಂದೇ ಸಮನೆ ಸಾವಿರಕ್ಕೆ 4 ಹಾಕಿದ್ದೆವು.

ಇದು ಪುಸ್ತಕದ ಕಟ್ಟಳೆಗಾಗಿ ಎತ್ತಿದ ಆಕ್ಷೇಪಣೆಯಲ್ಲ. ಇಳಿಜಾರು ಸಾಲದ ಪೈಪಿನಲ್ಲಿ ಹೊಲಸು ನಿಲ್ಲುತ್ತದೆ, ನಿಂತದ್ದು ಕಟ್ಟುತ್ತದೆ. ಕಟ್ಟಿದಾಗ ಯಂತ್ರ ಬರಲು ತಡವಾದರೆ ಯಾರನ್ನೋ ಕರೆದು ಇಳಿಸುತ್ತಾರೆ. ಮಲಗುಂಡಿಗೆ, ಒಳಚರಂಡಿಗೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಸಾವಿನ ಸುದ್ದಿ ನಿಂತಿಲ್ಲ. ಆ ಸಾವುಗಳಲ್ಲಿ ಕೆಲವು ನನ್ನಂಥವರ ಮೇಜಿನ ಮೇಲೆ, ಅಗೆತದ ಖರ್ಚು ಉಳಿಸಲು ಇಳಿಜಾರಿನ ಅಂಕಿಯನ್ನು ತಿದ್ದಿದ ಗಳಿಗೆಯಲ್ಲೇ ಶುರುವಾಗುತ್ತವೆ ಎಂದು ನಾನು ನಂಬುತ್ತೇನೆ.

ಇಳಿಜಾರನ್ನು ಸರಿಪಡಿಸಿದೆವು. ಅತಿ ಉದ್ದದ ಸಾಲು 510 ಮೀಟರ್, ಮೂವತ್ತು ಮೀಟರಿಗೊಂದರಂತೆ ಮ್ಯಾನ್‌ಹೋಲು. ತಲೆಯ ಮ್ಯಾನ್‌ಹೋಲಿನ ಬಳಿ ನೆಲದ ಮಟ್ಟ 100.10, ಪೈಪಿನ ಮೇಲೆ ಒಂದು ಮೀಟರ್ ಮಣ್ಣು ಬಿಟ್ಟು ತಳಮಟ್ಟ 98.95. ಅಲ್ಲಿಂದ 240 ಮೀಟರಿಗೆ ಸಾವಿರಕ್ಕೆ 6ರಂತೆ 1.44 ಮೀಟರ್, ಅಡ್ಡಸಾಲುಗಳು ಬಂದು ಸೇರಿದ ಮೇಲೆ 270 ಮೀಟರಿಗೆ ಸಾವಿರಕ್ಕೆ 4ರಂತೆ 1.08 ಮೀಟರ್. ಒಟ್ಟು ಇಳಿತ 2.52. ಕೊನೆಗೆ ಮುಟ್ಟುವ ಮಟ್ಟ 96.43. ಊರಿನ ಮ್ಯಾನ್‌ಹೋಲಿನ ತಳಕ್ಕಿಂತ ಒಂದು ಸೆಂಟಿಮೀಟರ್ ಮೇಲೆ! ಸರಿಹೋಯಿತು ಎಂದು ಸಮಾಧಾನಪಟ್ಟು ನಕ್ಷೆಯನ್ನು ಮತ್ತೆ ಒಯ್ದೆ.

ಆಗ ಸಹಾಯಕ ಎಂಜಿನಿಯರ್ ಮೂರನೆಯ ಆಕ್ಷೇಪಣೆಗೆ ಬೆರಳಿಟ್ಟರು. ಮೊದಲ ಸಲ ಅದನ್ನು ನಾನು ಕಾಗದಪತ್ರದ ಜಾತಿಗೆ ಸೇರಿಸಿ, ಹಳೆಯ ನಕ್ಷೆಯ ನಕಲು ಲಗತ್ತಿಸಿ ಮುಗಿಸಿದ್ದೆ: "ಸೇರ್ಪಡೆಯ ಸ್ಥಳದ ತಳಮಟ್ಟಕ್ಕೆ ಆಧಾರವೇನು?"

"ಸರ್, ಈ ಮ್ಯಾನ್‌ಹೋಲಿನ ಮುಚ್ಚಳ ತೆಗೆಸಿ ನೋಡಿದ್ದೀರಾ?"

"ಇಲ್ಲ ಮೇಡಂ. ಪುರಸಭೆಯ ನಕ್ಷೆಯಲ್ಲಿ ಇದೆಯಲ್ಲ."

"ನಕ್ಷೆಯಲ್ಲಿ ಮುಚ್ಚಳದ ಮಟ್ಟ 98.38 ಎಂದಿದೆ. ನಿಮ್ಮ ಸರ್ವೆಯಲ್ಲಿ 98.90 ಇದೆ. ಅರ್ಧ ಮೀಟರು ಎಲ್ಲಿಂದ ಬಂತು?"

ಆ ವ್ಯತ್ಯಾಸ ನನ್ನ ಕಣ್ಣಿಗೂ ಬಿದ್ದಿತ್ತು. ವರ್ಷವರ್ಷಕ್ಕೂ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿರಬೇಕು, ಅದರ ಜೊತೆ ಮುಚ್ಚಳವನ್ನೂ ಏರಿಸಿರಬೇಕು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೆ. ಅದನ್ನೇ ಅವರಿಗೂ ಹೇಳಿದೆ. ಅವರು ವಾದಿಸಲಿಲ್ಲ. "ಬುಧವಾರ ಬೆಳಿಗ್ಗೆ ತೆಗೆಸೋಣ, ನಾನೂ ಬರುತ್ತೇನೆ" ಎಂದರು.

ಬುಧವಾರ ಏಳು ಗಂಟೆಗೆ ಪುರಸಭೆಯ ಇಬ್ಬರು ಕೆಲಸಗಾರರು ಹಾರೆ, ಕೊಕ್ಕೆ ತಂದಿದ್ದರು. ರಸ್ತೆಗೆ ಅಡ್ಡಪಟ್ಟಿ ಕಟ್ಟಿದರು. ನಮ್ಮ ಮ್ಯಾನ್‌ಹೋಲಿನ ಜೊತೆಗೆ ಅದರ ಆಚೆಯದನ್ನೂ ಈಚೆಯದನ್ನೂ ತೆರೆದು, ಗಾಳಿಯಾಡಲೆಂದು ಬಹಳ ಹೊತ್ತು ಬಿಟ್ಟರು. ಒಳಗೆ ಯಾರೂ ಇಳಿಯಬಾರದು, ಬಗ್ಗಿಯೂ ನೋಡಬಾರದು ಎಂದು ಎಂಜಿನಿಯರ್ ಮೊದಲೇ ಹೇಳಿದ್ದರು, ಅಳೆಯುವುದೆಲ್ಲ ಮೇಲಿನಿಂದಲೇ. ಅಲ್ಯೂಮಿನಿಯಂ ಸ್ಟಾಫನ್ನು, ಅಂದರೆ ಮಟ್ಟ ಓದುವ ಅಳತೆಗೋಲನ್ನು, ಮುಚ್ಚಳದ ಚೌಕಟ್ಟಿನ ಮೇಲೆ ನಿಲ್ಲಿಸಿ ಓದಿದಾಗ 1.355. ಆಮೇಲೆ ಅದನ್ನೇ ಪೂರ್ತಿ ಎಳೆದು, ಹರಿಯುವ ನೀರಿನ ನಡುವೆ ತಳಕ್ಕೆ ತಾಗುವಂತೆ ಇಳಿಸಿದರು. ಮಟ್ಟ ನೋಡುವ ಯಂತ್ರವಾದ ಆಟೋ ಲೆವೆಲ್ಲಿನ ಕಣ್ಣಿನಲ್ಲಿ ಕಂಡದ್ದು 3.315. ಕಳೆದರೆ 1.96 ಮೀಟರ್ ಆಳ. ನಮ್ಮ ನಕ್ಷೆಯ ಪ್ರಕಾರ 2.48 ಇರಬೇಕಿತ್ತು. ಅಂದರೆ ತಳಮಟ್ಟ 96.42 ಅಲ್ಲ, 96.94. ನಾವು ಅಷ್ಟು ಕಷ್ಟಪಟ್ಟು ತಂದು ನಿಲ್ಲಿಸಿದ್ದ ಪೈಪಿನ ಬಾಯಿ ಊರಿನ ಕೊಳವೆಯ ತಳಕ್ಕಿಂತ 51 ಸೆಂಟಿಮೀಟರ್ ಕೆಳಗಿತ್ತು. ಹಾಗೆಯೇ ಕಟ್ಟಿದ್ದರೆ ಬಡಾವಣೆಯ ನೀರು ಊರಿಗೆ ಹೋಗುತ್ತಿರಲಿಲ್ಲ, ಊರಿನ ನೀರು ಬಡಾವಣೆಗೆ ಬರುತ್ತಿತ್ತು.

ಅಂದು ಇನ್ನೊಂದು ಸಂಗತಿಯೂ ಕಂಡಿತು. ಬಿಸಿಲು ಓರೆಯಾಗಿ ಒಳಗೆ ಬಿದ್ದಾಗ ಗುಂಡಿಯ ಗೋಡೆಯ ಮೇಲೆ ಸುತ್ತಲೂ ಒಂದು ಕಪ್ಪು ಗೆರೆ, ಒಣಗಿದ ಜಿಡ್ಡಿನದು. ಸ್ಟಾಫಿಗೆ ಹಿಡಿದು ಅಂದಾಜಿಸಿದರೆ ತಳದಿಂದ 70 ಸೆಂಟಿಮೀಟರ್ ಮೇಲೆ. ಕೆಲಸಗಾರರಲ್ಲಿ ಹಿರಿಯರು ಹೇಳಿದರು: "ದೊಡ್ಡ ಮಳೆ ಬಂದಾಗ ಅಲ್ಲಿಯವರೆಗೆ ತುಂಬುತ್ತದೆ ಮೇಡಂ. ಕೆಳಗಿನ ಬೀದಿಯಲ್ಲಿ ಮುಚ್ಚಳವೇ ಎದ್ದುಬಿಡುತ್ತದೆ." ಯಾವ ನಕ್ಷೆಯಲ್ಲೂ ಇಲ್ಲದ ಮಾಹಿತಿ ಅದು. ಸಹಾಯಕ ಎಂಜಿನಿಯರ್ ಅದನ್ನು ಅವರ ಮಾತಿನಲ್ಲೇ ಡೈರಿಗೆ ಬರೆದುಕೊಂಡರು.

ಅರ್ಧ ಮೀಟರಿನ ಮೂಲ ಮಧ್ಯಾಹ್ನದೊಳಗೆ ಸಿಕ್ಕಿತು. ಹಳೆಯ ನಕ್ಷೆಯಲ್ಲಿ "ಮೋರಿಯ ಕಟ್ಟೆಯ ಮೇಲ್ಭಾಗ 100.00" ಎಂದು ಆಧಾರಬಿಂದು ಕೊಟ್ಟಿತ್ತು. ನಮ್ಮ ಸರ್ವೆಯವರು ಅದೇ ಮೋರಿಗೆ ಹೋಗಿ, ಅಲ್ಲಿದ್ದ ಕಟ್ಟೆಯ ಮೇಲೆ ಸ್ಟಾಫ್ ಇಟ್ಟು, 100.00 ಎಂದು ಹಿಡಿದು ಹೊರಟಿದ್ದರು. ಆದರೆ ರಸ್ತೆ ಅಗಲ ಮಾಡಿದಾಗ ಹಳೆಯ ಸೈಜುಗಲ್ಲಿನ ಕಟ್ಟೆಯನ್ನು ಕೆಡವಿ, ಅದರ ಜಾಗದಲ್ಲಿ ಗಿಡ್ಡನೆಯ ಕಾಂಕ್ರೀಟ್ ಕಟ್ಟೆ ಕಟ್ಟಿದ್ದರು. ಹೊಸದು ಹಳೆಯದಕ್ಕಿಂತ 52 ಸೆಂಟಿಮೀಟರ್ ತಗ್ಗು. ಮೋರಿ ಅದೇ, ಹೆಸರು ಅದೇ, ಕಟ್ಟೆ ಮಾತ್ರ ಬೇರೆ. ನಮ್ಮ ಸರ್ವೆಯ ಮಟ್ಟಗಳೆಲ್ಲ ಒಂದಕ್ಕೊಂದು ಸರಿಯಾಗಿಯೇ ಇದ್ದವು, ಊರಿನ ನಕ್ಷೆಯ ಮಟ್ಟಗಳೂ ಒಂದಕ್ಕೊಂದು ಸರಿ. ಎರಡನ್ನೂ ಕಟ್ಟಿದ ಗಂಟೇ ತಪ್ಪು.

ಕೊರತೆ 51 ಸೆಂಟಿಮೀಟರಿಗೆ ನಿಲ್ಲಲಿಲ್ಲ. ಸಣ್ಣ ಪೈಪು ದೊಡ್ಡ ಪೈಪನ್ನು ಸೇರುವಾಗ ತಳಕ್ಕೆ ತಳ ಹೊಂದಿಸಬಾರದು, ನೆತ್ತಿಗೆ ನೆತ್ತಿ ಹೊಂದಿಸಬೇಕು. ಇಲ್ಲದಿದ್ದರೆ ದೊಡ್ಡದು ತುಂಬಿ ಹರಿಯುವಾಗ ಸಣ್ಣದರ ಬಾಯಿ ಮುಳುಗುತ್ತದೆ. 300ರ ಕೊಳವೆಗೆ 150ರದು ಸೇರಬೇಕಾದರೆ ಇನ್ನೂ 15 ಸೆಂಟಿಮೀಟರ್ ಮೇಲಿರಬೇಕು. ಅಂದರೆ ನಮಗೆ ಬೇಕಾದ ಮಟ್ಟ 97.09, ನಕ್ಷೆಯಲ್ಲಿದ್ದದ್ದು 96.43. ಕೊರತೆ 66 ಸೆಂಟಿಮೀಟರ್. ನಾನು ಸಮಾಧಾನಪಟ್ಟಿದ್ದ ಆ ಒಂದು ಸೆಂಟಿಮೀಟರು ಹಳೆಯ ಅಂಕಿಯ ಲೆಕ್ಕದಲ್ಲೂ ತಪ್ಪೇ ಆಗಿತ್ತು.

ಮುಂದಿನ ಮೂರು ವಾರ ದಾರಿ ಹುಡುಕುವುದರಲ್ಲಿ ಹೋಯಿತು. ಊರಿನ ಕೊಳವೆಯ ಪಕ್ಕದಲ್ಲೇ ಕೆಳಕ್ಕೆ ಸಾಗಿ ಇನ್ನೂ ಮುಂದಿನ ಮ್ಯಾನ್‌ಹೋಲಿಗೆ ಸೇರಿಸೋಣ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಆದರೆ ನಮ್ಮ ಸಣ್ಣ ಪೈಪಿಗೆ ಬೇಕಾದ ಇಳಿಜಾರು ಊರಿನ ದೊಡ್ಡ ಕೊಳವೆಯ ಇಳಿಜಾರಿಗಿಂತ ಹೆಚ್ಚು. ಜೊತೆಯಲ್ಲಿ ನಡೆದಷ್ಟೂ ನಾವೇ ಇನ್ನಷ್ಟು ಕೆಳಗೆ ಹೋಗುತ್ತೇವೆ. ತಲೆಯ ಕಡೆ ಮಣ್ಣು ತುಂಬಿಸಿ ನೆಲವನ್ನೇ ಎತ್ತರಿಸುವುದು ಎರಡನೆಯದು. ನೂರಾರು ಲಾರಿ ಮಣ್ಣು, ಮೇಲಾಗಿ ಪಕ್ಕದ ಹೊಲಗಳಿಗೆ ಮಳೆನೀರು ನುಗ್ಗುತ್ತದೆ. ಮೂರನೆಯದು ಕೊಳಚೆ ತುಂಬಿಸಿಕೊಳ್ಳುವ ಬಾವಿ, ಅಂದರೆ ವೆಟ್‌ವೆಲ್ ಕಟ್ಟಿ ಪಂಪಿನಿಂದ ಮೇಲೆತ್ತುವುದು. ಯಜಮಾನರಿಗೆ ಇದು ಹಿಡಿಸಿತು, ನಿವೇಶನ ಒಂದೂ ಹೋಗುವುದಿಲ್ಲವಲ್ಲ. ಪುರಸಭೆಯವರು ಮಾತ್ರ, ಪಂಪು ನಡೆಸುವ ಹೊಣೆ ನಮಗೆ ಬೇಡ ಎಂದರು.

ನಾಲ್ಕನೆಯದು ಸಾಲನ್ನೇ ಗಿಡ್ಡ ಮಾಡುವುದು. ನಮ್ಮ 510 ಮೀಟರಿನ ಸಾಲು ರಸ್ತೆ ಇದ್ದ ಕಡೆಯಲ್ಲೇ ಹೋಗಬೇಕಾಗಿ ಬಂದು ಬಡಾವಣೆಯ ಅಂಚನ್ನು ಬಳಸಿ ಹೋಗುತ್ತಿತ್ತು. ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ನಿವೇಶನಗಳನ್ನು ತೆಗೆದರೆ ನಲವತ್ತು ನಲವತ್ತು ಸೇರಿ ಎಂಬತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಒಂದು ರಸ್ತೆ ಆಗುತ್ತದೆ. ಎರಡು ಸಮಾನಾಂತರ ರಸ್ತೆಗಳು ಕೂಡುತ್ತವೆ, 150 ಮೀಟರ್ ಉಳಿಯುತ್ತದೆ. ಉದ್ಯಾನಕ್ಕೆ ಬಿಟ್ಟ ಜಾಗದ ಅಡಿಯಲ್ಲಿ ಪೈಪು ಎಳೆದರೆ ಎರಡು ನಿವೇಶನ ಉಳಿಯುತ್ತದೆ ಎಂದು ಕಚೇರಿಯ ಹೊರಗೆ ಯಾರೋ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಉದ್ಯಾನದೊಳಗೆ ಮ್ಯಾನ್‌ಹೋಲು ಕೂರಿಸಿದರೆ ಒತ್ತಡದ ನೀರಿನಿಂದ ಪೈಪು ತೊಳೆಯುವ ಜೆಟ್ಟಿಂಗ್ ಯಂತ್ರದ ಲಾರಿ ಅಲ್ಲಿಗೆ ಹೋಗುವುದು ಹೇಗೆ? ಲಾರಿ ಹೋಗದ ಕಡೆಗೆ ಮನುಷ್ಯನನ್ನೇ ಕಳಿಸುತ್ತಾರೆ.

ಯಜಮಾನರು ಎರಡು ನಿವೇಶನ ಬಿಡಲು ಒಪ್ಪಲಿಲ್ಲ. "ಎಂಜಿನಿಯರೇ, ಕಾಗದದ ಮೇಲೆ ಗೆರೆ ಎಳೆಯುವುದು ನಿಮಗೆ ಸುಲಭ. ಅದು ನನ್ನ ಅಪ್ಪ ಉತ್ತ ನೆಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಅವರನ್ನು ಕರೆದುಕೊಂಡು ಹತ್ತು ಕಿಲೋಮೀಟರ್ ದೂರದ, ವೆಟ್‌ವೆಲ್ ಇದ್ದ ಇನ್ನೊಂದು ಬಡಾವಣೆಗೆ ಹೋದೆ. ಪಂಪಿನ ಮನೆಗೆ ಬೀಗ, ಬೀಗಕ್ಕೆ ತುಕ್ಕು. ಬಾವಿ ಉಕ್ಕಿ ಕೊಳಚೆ ನೇರವಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಹಳ್ಳದ ಕೆಳಗೆ ಯಾರೋ ಕೊತ್ತಂಬರಿ ಮಡಿ ಮಾಡಿದ್ದರು. ಯಜಮಾನರು ಮಡಿಗಳನ್ನೇ ನೋಡುತ್ತ ನಿಂತರು. ಊರಿಗೆ ಮರಳುವವರೆಗೂ ಮಾತಾಡಲಿಲ್ಲ. ಸಂಜೆ ಮಗನಿಂದ ಫೋನ್ ಮಾಡಿಸಿದರು: ಎರಡು ಸೈಟು ತೆಗೆಯಿರಿ.

ಹೊಸ ಸಾಲು 360 ಮೀಟರ್. ಮೊದಲ 150 ಮೀಟರಿಗೆ ಸಾವಿರಕ್ಕೆ 6, ಅಲ್ಲಿಗೆ ಅಡ್ಡಸಾಲುಗಳು ಸೇರುತ್ತವೆ. ಉಳಿದ 210 ಮೀಟರಿಗೆ ಸಾವಿರಕ್ಕೆ 4. ಇಳಿತ 1.74, ಕೊನೆಯ ಮಟ್ಟ 97.21. ಬೇಕಾದ್ದಕ್ಕಿಂತ 12 ಸೆಂಟಿಮೀಟರ್ ಮೇಲೆ. ಈ ಸಲ ಲೆಕ್ಕವನ್ನು ಊರಿನ ಮ್ಯಾನ್‌ಹೋಲಿನಿಂದ ಶುರುಮಾಡಿ ಮೇಲಕ್ಕೆ ಮಾಡಿಕೊಂಡು ಹೋದೆ, ತಲೆಯಿಂದ ಕೆಳಕ್ಕಲ್ಲ. ಬದಲಾದ ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಮತ್ತೆ ಬೇಕಾಯಿತು, ಅದಕ್ಕೆ ಹನ್ನೊಂದು ವಾರ ಹಿಡಿಯಿತು. ಆ ಅವಧಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಕಾದೆವು.

ಮಳೆನೀರಿನ ಚರಂಡಿಯ ಪರಿಶೀಲನೆ ಇದರ ಜೊತೆಯಲ್ಲೇ ನಡೆಯಿತು. ಗೋಡೆಯ ಮೇಲಿನ ಆ ಕಪ್ಪು ಗೆರೆ ಇಲ್ಲಿ ಕೆಲಸಕ್ಕೆ ಬಂತು. ಮುಖ್ಯ ಕೊಳವೆ ಮಳೆಯಲ್ಲಿ ಏಕೆ ತುಂಬುತ್ತದೆ? ಮನೆಗಳವರು ಚಾವಣಿಯ ನೀರನ್ನು ಒಳಚರಂಡಿಗೆ ಬಿಟ್ಟಿರುವುದರಿಂದ. ಮೂವತ್ತು ನಲವತ್ತರ ಒಂದು ಚಾವಣಿಯ ಮೇಲೆ ಗಂಟೆಗೆ 60 ಮಿಲಿಮೀಟರಿನ ಮಳೆ ಸುರಿದರೆ ಸೆಕೆಂಡಿಗೆ 1.8 ಲೀಟರಿಗಿಂತ ಹೆಚ್ಚು ನೀರು ಇಳಿಯುತ್ತದೆ. ನಾಲ್ಕೇ ನಾಲ್ಕು ಚಾವಣಿಗಳ ನೀರು ನಮ್ಮ ಇಡೀ ಬಡಾವಣೆಯ ಬೆಳಗಿನ ಕೊಳಚೆಯನ್ನು ಮೀರುತ್ತದೆ. ಬಡಾವಣೆಯಿಂದ ಹರಿದು ಬರುವ ಒಟ್ಟು ಮಳೆನೀರು ಅದೇ ಮಳೆಗೆ ಸೆಕೆಂಡಿಗೆ ಸುಮಾರು 490 ಲೀಟರ್, ಕೊಳಚೆಯ ಎಪ್ಪತ್ತು ಪಟ್ಟು. ಈ ಎರಡು ನೀರುಗಳು ಎಲ್ಲೂ ಸೇರಬಾರದು. ಮಳೆಯ ಚರಂಡಿ ರಾಜಕಾಲುವೆಗೆ, ಕೊಳಚೆ ಊರಿನ ಕೊಳವೆಗೆ. ರಾಜಕಾಲುವೆಗೆ ಬೀಳುವ ಬಾಯಿಯನ್ನು ಕಾಲುವೆ ತುಂಬಿದಾಗಿನ ನೀರಿನ ಗುರುತಿಗಿಂತ ಮೇಲಿಟ್ಟೆವು. ಆ ಗುರುತನ್ನು ಈ ಸಲ ನಾವೇ ಹೋಗಿ ಅಳೆದೆವು, ದಡದ ಬೇಲಿಗೆ ಸಿಕ್ಕಿಕೊಂಡಿದ್ದ ಕಸದ ಎತ್ತರ ನೋಡಿ.

ಅನುಮೋದನೆ ಪತ್ರದಲ್ಲಿ ಮಾಮೂಲಿ ಷರತ್ತುಗಳ ಕೆಳಗೆ ಎರಡು ಹೊಸವು ಇದ್ದವು. ಮುಖ್ಯ ಕೊಳವೆ ತುಂಬಿದಾಗ ನೀರು 97.64ರವರೆಗೆ ಏರುವುದರಿಂದ ಕಾಲುವೆ ಬದಿಯ ಕೊನೆಯ ಆರು ನಿವೇಶನಗಳ ಮನೆ ಸಂಪರ್ಕದ ಗುಂಡಿಗಳು ಆ ಮಟ್ಟಕ್ಕಿಂತ ಮೇಲಿರಬೇಕು, ಅಲ್ಲಿ ನೆಲಮಾಳಿಗೆಯ ಶೌಚಾಲಯಕ್ಕೆ ನೇರ ಸಂಪರ್ಕ ಕೊಡಬಾರದು ಎಂಬುದು ಒಂದು. ಮನೆಗಳು ತುಂಬುವವರೆಗೆ ತಲೆಯ ಕಡೆಯ ಐದು ಮ್ಯಾನ್‌ಹೋಲುಗಳ ಸಾಲನ್ನು ಹದಿನೈದು ದಿನಕ್ಕೊಮ್ಮೆ ನೀರು ಬಿಟ್ಟು ತೊಳೆಯಬೇಕು, ಅದರ ಖರ್ಚು ಬಡಾವಣೆಯವರದು ಎಂಬುದು ಇನ್ನೊಂದು. ಎರಡನ್ನೂ ಬರೆದವರು ಸಹಾಯಕ ಎಂಜಿನಿಯರೇ.

ಪೈಪು ಹಾಕಿದ ಮೇಲೆ, ಮಣ್ಣು ಮುಚ್ಚುವ ಮೊದಲು, ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಒಂದು ತುದಿಯಲ್ಲಿ ದೀಪ, ಇನ್ನೊಂದರಲ್ಲಿ ಕನ್ನಡಿ ಹಿಡಿದು ನೋಡಿದೆವು. ಕೊನೆಯ ಸಾಲಿನಲ್ಲಿ ದೀಪ ಪೂರ್ತಿ ದುಂಡಗೆ ಕಂಡಿತು. ಸೇರ್ಪಡೆಯ ಬಾಯಿಯಲ್ಲಿ ಸ್ಟಾಫ್ ಇಟ್ಟು ಓದಿದಾಗ 97.205. ಈಗ ಅಲ್ಲಿ ನಲವತ್ತಮೂರು ಮನೆಗಳಾಗಿವೆ. ಹದಿನೈದು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಯಜಮಾನರು ಕೊಡೆ ಊರಿಕೊಂಡು ಬಂದು ಮೊದಲ ಮ್ಯಾನ್‌ಹೋಲಿನ ಬಳಿ ನಿಲ್ಲುತ್ತಾರೆ, ನೀರು ಐದನೆಯದರಲ್ಲಿ ಕಂಡ ಮೇಲೆ ಮನೆಗೆ ಹೋಗುತ್ತಾರೆ.